ಕರ್ಣನಾದವೂ ಮನಶ್ಶಾಂತಿಯೂ

ಎರಡು ವರ್ಷಗಳ ಹಿಂದೆ, ಮಾಘಮಾಸದ ಒಂದು ರಾತ್ರಿ, ಊಟವಾದ ಮೇಲೆ ಎಂದಿನಂತೆ ಪುಸ್ತಕವನ್ನು ಹಿಡಿದು ನಡುಮನೆಯಲ್ಲಿ ಕುಳಿತಿದ್ದೆನು. ಶಾಲೆಯ ಕೆಲಸದಿಂದ ನಿವೃತ್ತನಾಗಿ ಆಗ ನಾಲ್ಕು ತಿಂಗಳಾಗಿದ್ದಿತು. ಜೀರುಂಡೆಗಳ ಸದ್ದು ಮಿತಿಮೀರಿದಂತೆ ತೋರಿ, “ಆ ಕಿಟಕಿಯನ್ನು ಸ್ವಲ್ಪ ಮುಚ್ಚು, ಓದಲು ಆಗುತ್ತಿಲ್ಲ” ಎಂದು ಮನೆಯಾಕೆಗೆ ಹೇಳಿದೆನು. ಆಕೆ ಕಿಟಕಿಯ ಬಳಿ ಹೋಗಿ ಕಿವಿಗೊಟ್ಟು ನಿಂತು, “ಈ ಚಳಿಯಲ್ಲಿ ಜೀರುಂಡೆ ಎಲ್ಲಿಯದು? ನನಗೇನೂ ಕೇಳಿಸುತ್ತಿಲ್ಲವಲ್ಲ!” ಎಂದಳು. ಕಿಟಕಿಯನ್ನು ಮುಚ್ಚಿದ್ದಾಯಿತು, ಸದ್ದು ನಿಲ್ಲಲಿಲ್ಲ. ಬಾಗಿಲನ್ನು ಮುಚ್ಚಿದ್ದಾಯಿತು, ಆಗಲೂ ನಿಲ್ಲಲಿಲ್ಲ. ಕಡೆಗೆ ಎರಡು ಕಿವಿಗಳನ್ನೂ ಬೆರಳಿನಿಂದ ಮುಚ್ಚಿಕೊಂಡು ನೋಡಿದೆನು. ಸದ್ದು ಮೊದಲಿಗಿಂತಲೂ ಸ್ಪಷ್ಟವಾಗಿ ಕೇಳಿಸಿತು. ಅದು ಹೊರಗಿನಿಂದ ಬರುತ್ತಿರಲಿಲ್ಲವೆಂಬುದು ಆಗ ತಿಳಿಯಿತು.

ಇದು ನನ್ನೊಬ್ಬನ ಕಥೆಯೇ ಆಗಿದ್ದರೆ ಈ ಪುಟಗಳಲ್ಲಿ ಬರೆಯುವ ಅವಶ್ಯಕತೆ ಇರುತ್ತಿರಲಿಲ್ಲ. ಹೊರಗೆ ಯಾವ ಶಬ್ದವೂ ಇಲ್ಲದಿರುವಾಗ ಕಿವಿಯಲ್ಲಿಯೋ ತಲೆಯಲ್ಲಿಯೋ ಶಬ್ದವು ಕೇಳಿಬರುವುದಕ್ಕೆ ಈಗಿನ ವೈದ್ಯರು ಟಿನಿಟಸ್ ಎಂದು ಹೆಸರಿಟ್ಟಿದ್ದಾರೆ. ಘಂಟೆಯಂತೆ ನಾದಮಾಡುವುದೆಂಬ ಅರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಬಂದ ಪದವಿದು. ೨೦೨೨ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಪ್ರಪಂಚದ ವಯಸ್ಕರಲ್ಲಿ ನೂರಕ್ಕೆ ಸುಮಾರು ೧೪ ಮಂದಿಗೆ, ಎಂದರೆ ೭೪ ಕೋಟಿಗೂ ಮೇಲ್ಪಟ್ಟ ಜನರಿಗೆ, ಇದರ ಅನುಭವವುಂಟು. ಅವರಲ್ಲಿ ೧೨ ಕೋಟಿಗೂ ಹೆಚ್ಚು ಜನರಿಗೆ ಇದು ದೊಡ್ಡ ಬಾಧೆಯಾಗಿದೆ. ಈ ಎರಡು ಸಂಖ್ಯೆಗಳ ಅಂತರವನ್ನು ವಾಚಕರು ಗಮನಿಸಬೇಕು. ನಾದವು ಕೇಳಿಸುವ ಆರು ಮಂದಿಯಲ್ಲಿ ಐವರು ಹೇಗೋ ತಮ್ಮ ಸಂಸಾರವನ್ನು ನಡೆಸಿಕೊಂಡು ಹೋಗುತ್ತಾರೆ; ಒಬ್ಬನು ಕುಸಿಯುತ್ತಾನೆ. ಆ ಒಬ್ಬನಿಗೂ ಉಳಿದ ಐವರಿಗೂ ಇರುವ ಭೇದವೇನು? ನಾನು ಆ ಒಬ್ಬನಾಗಿದ್ದು, ಬಹಳ ಕಷ್ಟದಿಂದ ಐವರ ಪಂಕ್ತಿಗೆ ಬಂದು ಕುಳಿತವನು. ಆದಕಾರಣ ಇದನ್ನು ಕುರಿತು ನಾಲ್ಕು ಮಾತು ಹೇಳುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ನಮ್ಮ ಪ್ರಾಚೀನ ವೈದ್ಯರಿಗೆ ಈ ವ್ಯಾಧಿಯು ಅಪರಿಚಿತವಾಗಿರಲಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಕಿವಿಯ ರೋಗಗಳನ್ನು ೨೮ ಎಂದು ಎಣಿಸಿ ಇದನ್ನೂ ಅವುಗಳಲ್ಲಿ ಸೇರಿಸಿದೆ. ಶಬ್ದವನ್ನು ಒಯ್ಯುವ ನಾಡಿಗಳಲ್ಲಿ ವಾಯುವು ದಾರಿತಪ್ಪಿ ನೆಲಸಿದಾಗ ಮನುಷ್ಯನು ನಾನಾ ವಿಧವಾದ ಶಬ್ದಗಳನ್ನು ಕೇಳುವನೆಂಬುದು ಅಲ್ಲಿಯ ವಿವರಣೆ. ಮಾಧವನಿದಾನದಲ್ಲಿ ಭೇರಿ, ಮೃದಂಗ, ಶಂಖಗಳ ಧ್ವನಿಯಂತಿರುವುದು ಕರ್ಣನಾದವೆಂದೂ, ಕೊಳಲಿನ ಧ್ವನಿಯಂತಿರುವುದು ಕರ್ಣಕ್ಷ್ವೇಡವೆಂದೂ ವಿಂಗಡಿಸಿದ್ದಾರೆ. ಕ್ಷ್ವೇಡವೆಂಬ ಪದಕ್ಕೆ ಅಮರಕೋಶದಲ್ಲಿ ವಿಷವೆಂಬ ಅರ್ಥವೂ ಇದೆ. ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದ ಆ ಅರ್ಥವು ಮೊದಲ ಆರು ತಿಂಗಳು ನನಗೆ ಪ್ರತಿರಾತ್ರಿಯೂ ನೆನಪಾಗುತ್ತಿದ್ದಿತು.

ಈಗಿನ ಶಾಸ್ತ್ರಜ್ಞರು ಹೇಳುವುದು ಹೀಗೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಒಂದು ಅಂಗವಿದೆ. ಅದರೊಳಗೆ ಸುಮಾರು ೧೫,೦೦೦ ಸೂಕ್ಷ್ಮವಾದ ರೋಮಕೋಶಗಳಿದ್ದು, ಶಬ್ದದ ಕಂಪನವನ್ನು ನರಕ್ಕೆ ದಾಟಿಸುವ ಕೆಲಸದಲ್ಲಿ ತೊಡಗಿರುತ್ತವೆ. ವಯಸ್ಸಿನಿಂದಲೋ, ಯಂತ್ರಗಳ ಅಬ್ಬರದಿಂದಲೋ, ಪಟಾಕಿಯ ಆಸ್ಫೋಟದಿಂದಲೋ, ಕೆಲವು ಔಷಧಗಳಿಂದಲೋ ನಾಶವಾದ ರೋಮಕೋಶಗಳು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಆಗ ಆ ಭಾಗದಿಂದ ಮೆದುಳಿಗೆ ಬರತಕ್ಕ ಸುದ್ದಿಯು ಕ್ಷೀಣವಾಗುತ್ತದೆ. ಮೆದುಳಾದರೋ ಸುಮ್ಮನಿರುವುದಿಲ್ಲ. ದೂರದ ನಿಲಯವು ಸರಿಯಾಗಿ ಕೇಳದಿದ್ದರೆ ನಾವು ರೇಡಿಯೋದ ಗುಂಡಿಯನ್ನು ತಿರುಗಿಸುತ್ತ ಹೋಗಿ, ಕಡೆಗೆ ಮಾತಿಗಿಂತ ಗೊರಗೊರ ಸದ್ದನ್ನೇ ದೊಡ್ಡದು ಮಾಡಿಕೊಳ್ಳುವಂತೆ, ಮೆದುಳು ತನ್ನ ಶ್ರವಣಮಾರ್ಗವನ್ನು ಅತಿಯಾಗಿ ಚುರುಕುಮಾಡಿಕೊಳ್ಳುತ್ತದೆ. ಆ ಚುರುಕಿನ ಶಬ್ದವೇ ನಾದವಾಗಿ ಕೇಳಿಸುವುದೆಂದು ಈಗಿನ ಅನೇಕ ವಿದ್ವಾಂಸರ ಮತ. ನಾದವು ಕಿವಿಯಲ್ಲಿ ಕೇಳಿದಂತಿದ್ದರೂ ಅದರ ಬೇರು ಹೆಚ್ಚಾಗಿ ಮೆದುಳಿನಲ್ಲಿದೆಯೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಇರಲಿ, ಈ ವಿವರಗಳೆಲ್ಲ ನನಗೆ ಅನಂತರ ತಿಳಿದುವು. ಆಗ ನನಗೆ ತಿಳಿದಿದ್ದುದು ಒಂದೇ: ಹಗಲು ಹೇಗೋ ಕಳೆಯುವುದು, ರಾತ್ರಿ ಕಳೆಯುವುದಿಲ್ಲ. ಮನೆಯವರೆಲ್ಲ ಮಲಗಿ ಊರು ನಿಶ್ಶಬ್ದವಾದೊಡನೆ ನಾದವು ಏರುವುದು. ನಿದ್ರೆ ಬಾರದು. ನಿದ್ರೆ ಬಾರದ ಕಾರಣ ಮಾರನೆಯ ದಿನ ಸಿಡುಕು. ಸಿಡುಕಿದ ಕಾರಣ ಪಶ್ಚಾತ್ತಾಪ. ಪಶ್ಚಾತ್ತಾಪದಿಂದ ಮತ್ತೆ ನಿದ್ರಾಭಂಗ. ಬೆಳಗ್ಗೆ ಎಚ್ಚರವಾದೊಡನೆ ನನ್ನ ಮೊದಲನೆಯ ಕೆಲಸವೆಂದರೆ ನಾದವು ಇದೆಯೋ ಹೋಯಿತೋ ಎಂದು ಕಿವಿಗೊಟ್ಟು ಪರೀಕ್ಷಿಸುವುದು. ಅದು ಇದ್ದೇ ಇರುವುದು. ಓದಿನಲ್ಲಿ ರುಚಿ ತಪ್ಪಿತು. ಮೊಮ್ಮಗುವಿನ ಮಾತು ಬೇಡವಾಯಿತು. ನಮ್ಮ ಬೀದಿಯ ರಾಮಮಂದಿರದಲ್ಲಿ ಶನಿವಾರದ ಸಂಜೆ ಗಮಕವಾಚನ ನಡೆಯುವುದುಂಟು. ಹನ್ನೆರಡು ವರ್ಷಗಳಿಂದ ಅಲ್ಲಿ ವ್ಯಾಖ್ಯಾನ ಹೇಳುತ್ತಿದ್ದವನು ನಾನೇ. ಯಾವ ಕಾರಣವನ್ನೂ ಹೇಳದೆ ಅದನ್ನು ಬಿಟ್ಟುಬಿಟ್ಟೆನು. ಮೇಷ್ಟ್ರಿಗೆ ಯಾರ ಮೇಲೋ ಕೋಪ ಬಂದಿದೆಯೆಂದು ಜನರು ತಿಳಿದುಕೊಂಡರು.

ವೈದ್ಯರಲ್ಲಿಗೆ ಹೋಗಲಿಲ್ಲವೆಂದಲ್ಲ. ಹೆಸರಾದ ವೈದ್ಯರೊಬ್ಬರು ಎರಡು ನಿಮಿಷ ಕಿವಿಯಲ್ಲಿ ದೀಪಹಾಕಿ ನೋಡಿ, “ಇದಕ್ಕೆ ಔಷಧವಿಲ್ಲ, ಅಭ್ಯಾಸಮಾಡಿಕೊಳ್ಳಿ” ಎಂದು ಹೇಳಿ ಮುಂದಿನ ರೋಗಿಯನ್ನು ಕರೆದರು. ಹೊರಗೆ ಬಂದಾಗ ಜೀವಾವಧಿ ಶಿಕ್ಷೆಯನ್ನು ಕೇಳಿಸಿಕೊಂಡು ಬಂದಂತಿದ್ದಿತು. ಬಂಧುಮಿತ್ರರ ಸಲಹೆಗಳಿಗೇನೂ ಕೊರತೆಯಿರಲಿಲ್ಲ. ಒಬ್ಬರು ಬಿಸಿ ಎಣ್ಣೆ ಬಿಡಿ ಎಂದರು. ಇನ್ನೊಬ್ಬರು ಕಾಫಿ ಬಿಡಿ ಎಂದರು, ಬಿಟ್ಟೆನು, ನಾದವು ಹಾಗೆಯೇ ಇದ್ದು, ಮೂರು ದಿನ ತಲೆನೋವು ಮಾತ್ರ ಲಾಭವಾಯಿತು. ವೃತ್ತಪತ್ರಿಕೆಯ ಜಾಹೀರಾತನ್ನು ನಂಬಿ ಗುಳಿಗೆಗಳನ್ನು ತರಿಸಿದೆನು, ಹಣ ಹೋಯಿತು. ಯೋಗಶಾಸ್ತ್ರದ ಪರಿಚಯವಿದ್ದ ವೃದ್ಧರೊಬ್ಬರು, “ನೀವು ಪುಣ್ಯವಂತರು, ಇದು ಅನಾಹತನಾದ” ಎಂದು ಕೈಮುಗಿದರು. ಹಠಯೋಗಪ್ರದೀಪಿಕೆಯಲ್ಲಿ ಸಾಧಕನಿಗೆ ಕಡಲಿನಂತೆ, ಭೇರಿಯಂತೆ, ದುಂಬಿಯಂತೆ ಒಳಗಿನ ಧ್ವನಿಗಳು ಕೇಳಿಬರುವುವೆಂದು ಹೇಳಿರುವುದು ನಿಜ. ಆದರೆ ವರ್ಷಗಟ್ಟಲೆ ಕುಳಿತು ಅರಸಿದವನಿಗೆ ದೊರೆತ ನಾದ ಬೇರೆ, ಕರೆಯದೆ ಬಂದು ಕುಳಿತ ನಾದ ಬೇರೆ. ಆ ವೃದ್ಧರ ಮಾತಿಗೆ ನಾನು ಅಂದು ನಕ್ಕೆನು. ಅದರಲ್ಲಿಯೂ ಒಂದು ತಿರುಳಿದ್ದಿತೆಂಬುದು ಬಹಳ ತಡವಾಗಿ ಹೊಳೆಯಿತು: ಒಂದೇ ಬಗೆಯ ಸದ್ದು ಒಬ್ಬನಿಗೆ ಸಿದ್ಧಿಯ ಗುರುತು, ಇನ್ನೊಬ್ಬನಿಗೆ ನರಕ. ಹಾಗಾದರೆ ನರಕವು ಸದ್ದಿನಲ್ಲಿಯೇ ಇರುವುದೆಂದು ಹೇಳುವುದು ಹೇಗೆ?

ಈ ವ್ಯಾಧಿಯಲ್ಲಿ ನಾದಕ್ಕಿಂತ ಹೆಚ್ಚು ಕೇಡುಮಾಡುವುದು ಅದನ್ನು ಬಚ್ಚಿಡುವುದು. ಇದಕ್ಕೆ ದೊಡ್ಡವರ ನಿದರ್ಶನವೇ ಇದೆ. ಯೂರೋಪಿನ ಸಂಗೀತಗಾರರಲ್ಲಿ ಅಗ್ರಗಣ್ಯನಾದ ಬೀಥೋವನನು ೧೮೦೧ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ವೇಗೆಲರ್ ಎಂಬ ವೈದ್ಯಮಿತ್ರನಿಗೆ ಬರೆದ ಪತ್ರದಲ್ಲಿ ತನ್ನ ಕಿವಿಗಳು ಹಗಲಿರುಳೂ ಮೊರೆಯುತ್ತಿರುವುವೆಂದು ತಿಳಿಸಿದನು. ತನಗೆ ಕಿವಿ ಕೇಳಿಸದೆಂದು ಜನರೆದುರಿಗೆ ಹೇಳಿಕೊಳ್ಳಲಾರದೆ, ಸುಮಾರು ಎರಡು ವರ್ಷಗಳಿಂದ ಗೋಷ್ಠಿಗಳನ್ನೆಲ್ಲ ತೊರೆದಿರುವುದಾಗಿಯೂ ಬರೆದನು. ಮರುವರ್ಷ ೧೮೦೨ರಲ್ಲಿ ವಿಯೆನ್ನಾ ನಗರದ ಹತ್ತಿರದ ಹೈಲಿಗೆನ್‌ಸ್ಟಾಟ್ ಎಂಬಲ್ಲಿ ತನ್ನ ಸೋದರರನ್ನು ಉದ್ದೇಶಿಸಿ ಬರೆದ ಲೇಖದಲ್ಲಿ, ಪ್ರಾಣತ್ಯಾಗದ ಯೋಚನೆಯವರೆಗೆ ಹೋಗಿದ್ದುದನ್ನೂ, ತನ್ನ ಕಲೆಯೇ ತನ್ನನ್ನು ಹಿಡಿದು ನಿಲ್ಲಿಸಿದುದನ್ನೂ ಹೇಳಿಕೊಂಡಿದ್ದಾನೆ. ಅಲ್ಲಿಂದ ಮುಂದೆ ಅವನು ೨೪ ವರ್ಷಗಳಿಗೂ ಹೆಚ್ಚು ಕಾಲ ಬದುಕಿದನು. ಅವನ ಮಹಾಕೃತಿಗಳಲ್ಲಿ ಬಹುಭಾಗವು ಆ ವರ್ಷಗಳದು. ಬೊಹೀಮಿಯದ ಸ್ಮೆತನನು ಇನ್ನೊಂದು ಬಗೆಯನ್ನು ಹಿಡಿದನು. ೧೮೭೪ರಲ್ಲಿ ಅವನ ಶ್ರವಣಶಕ್ತಿಯು ಪೂರ್ತಿಯಾಗಿ ಹೋಯಿತು. ೧೮೭೬ರಲ್ಲಿ ತನ್ನ ಜೀವನವನ್ನೇ ವಸ್ತುವಾಗಿ ಮಾಡಿಕೊಂಡು ನಾಲ್ಕು ತಂತಿವಾದ್ಯಗಳಿಗೆ ಒಂದು ಕೃತಿಯನ್ನು ರಚಿಸಿ, ಅದರ ಕಡೆಯ ಭಾಗದಲ್ಲಿ ಪಿಟೀಲಿನ ಒಂದು ಅತಿತಾರಸ್ವರವನ್ನು ಬಹಳ ಹೊತ್ತು ಎಳೆಯಿಸಿದನು. ಅದು ಅವನ ಕಿವಿಯ ನಾದ. ಒಬ್ಬನು ಅಡಗಿಸಿಟ್ಟುದನ್ನು ಇನ್ನೊಬ್ಬನು ಸಭೆಯೆದುರಿಗೆ ಇಟ್ಟನು.

ನಾನು ಅಡಗಿಸಿಡುವವರ ಗುಂಪಿಗೆ ಸೇರಿದ್ದೆನು. ಆಷಾಢಮಾಸದ ಒಂದು ರಾತ್ರಿ ಎರಡು ಗಂಟೆಯ ವೇಳೆ. ಮಳೆ ನಿಂತು ಊರೆಲ್ಲ ಮೌನವಾಗಿದ್ದಿತು. ನಾನು ಹಿತ್ತಿಲ ಜಗುಲಿಯಲ್ಲಿ ಕುಳಿತು, ಇನ್ನೆಷ್ಟು ವರ್ಷ ಹೀಗೆ ಎಂದು ಲೆಕ್ಕಹಾಕುತ್ತಿದ್ದೆನು. ಹೀಗೆ ಬದುಕುವುದಕ್ಕಿಂತ ಇಲ್ಲದಿರುವುದು ಮೇಲೆಂಬ ಯೋಚನೆಯು ಬಂದಿತು. ಬಂದುದು ಅದೇ ಮೊದಲಲ್ಲ. ಅಂದು ಅದು ಸುಲಭವಾಗಿ ಹೊರಟುಹೋಗಲಿಲ್ಲ. ಮನೆಯಾಕೆ ಎದ್ದುಬಂದು, “ಏನಾಗಿದೆ ನಿಮಗೆ? ಇವತ್ತು ಹೇಳದಿದ್ದರೆ ನಾನು ಒಳಕ್ಕೆ ಹೋಗುವುದಿಲ್ಲ” ಎಂದು ಪಕ್ಕದಲ್ಲಿ ಕುಳಿತಳು. ಮೂವತ್ತು ವರ್ಷ ಮಕ್ಕಳಿಗೆ ಧೈರ್ಯ ಹೇಳಿದ ಬಾಯಿ. ಆದರೂ ನನ್ನ ವಿಷಯವನ್ನು ಹೇಳುವಾಗ ತಡವರಿಸಿತು. ಎಲ್ಲವನ್ನೂ ಹೇಳಿದೆನು, ಆ ಯೋಚನೆಯನ್ನೂ ಹೇಳಿದೆನು. ಆಕೆ ಅಳಲಿಲ್ಲ, ಉಪದೇಶಮಾಡಲಿಲ್ಲ. “ನಾಳೆಯೇ ಮಗಳ ಊರಿಗೆ ಹೋಗೋಣ, ಅಲ್ಲಿ ಸರಿಯಾಗಿ ತೋರಿಸೋಣ. ಅಲ್ಲಿಯವರೆಗೆ ನಿಮ್ಮನ್ನು ಒಬ್ಬರನ್ನೇ ಬಿಡುವುದಿಲ್ಲ” ಎಂದಳು. ನಾದವು ಹಾಗೆಯೇ ಇದ್ದಿತು. ಆದರೆ ಬೆಳಗಿನವರೆಗೆ ಮೂರು ಗಂಟೆ ನಿದ್ರೆ ಬಂದಿತು.

ಮಗಳ ಊರಿನಲ್ಲಿ ಕಿವಿಯ ವೈದ್ಯರು ಮೊದಲು ಗುಗ್ಗೆಯನ್ನು ತೆಗೆದು, ತಮಟೆ ಸರಿಯಾಗಿರುವುದನ್ನು ನೋಡಿ, ಶ್ರವಣಪರೀಕ್ಷೆಗೆ ಕಳುಹಿಸಿದರು. ಪರೀಕ್ಷೆ ಮಾಡಿದ ತರುಣಿಯು ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು. ತಾರಧ್ವನಿಗಳು ನನಗೆ ಕೇಳಿಸುತ್ತಿಲ್ಲವೆಂದು ಗೆರೆ ಎಳೆದು ತೋರಿಸಿದಳು. ಹಿಂದಿನ ಬೆಂಚಿನ ಹುಡುಗರು ಗೊಣಗುತ್ತಾರೆಂದು ಕಡೆಯ ಎರಡು ಮೂರು ವರ್ಷ ನಾನು ಗದರಿಸುತ್ತಿದ್ದುದರಲ್ಲಿ ತಪ್ಪು ಯಾರದೆಂಬುದು ಆಗ ಗೊತ್ತಾಯಿತು. ಅನಂತರ ಯಂತ್ರದಿಂದ ನನ್ನ ನಾದಕ್ಕೆ ಸರಿಹೊಂದುವ ಸದ್ದನ್ನು ಹುಡುಕಿ ತೆಗೆದು, ಅದರ ಪ್ರಮಾಣವನ್ನು ಅಳೆದಳು. ಲೋಕವನ್ನೇ ಮುಳುಗಿಸುವುದೆಂದು ನಾನು ತಿಳಿದಿದ್ದ ನಾದವು, ನನಗೆ ಕೇಳಿಸುವ ಅತ್ಯಲ್ಪ ಶಬ್ದಕ್ಕಿಂತ ಕೆಲವೇ ಡೆಸಿಬೆಲ್ಲುಗಳಷ್ಟು ಮೇಲಿದ್ದಿತು! ಬಹುಪಾಲು ರೋಗಿಗಳಲ್ಲಿ ಹೀಗೆಯೇ ಎಂದೂ, ನಾದದ ಗಾತ್ರಕ್ಕೂ ಸಂಕಟದ ಗಾತ್ರಕ್ಕೂ ಸಂಬಂಧವು ಬಹಳ ಕಡಿಮೆಯೆಂದೂ ಆಕೆ ಹೇಳಿದಳು.

ಆಮೇಲೆ, “ಮೇಷ್ಟ್ರೇ, ನಿಮ್ಮ ಮನೆಯಲ್ಲಿ ಗೋಡೆಯ ಗಡಿಯಾರ ಇದೆಯೆ?” ಎಂದು ಕೇಳಿದಳು. ಇದೆ, ಗಂಟೆಗಂಟೆಗೂ ಹೊಡೆಯುತ್ತದೆ ಎಂದೆನು. “ನೀವು ಊರು ಬಿಡುವ ಹಿಂದಿನ ದಿನ ಅದು ಹೊಡೆದದ್ದು ನಿಮಗೆ ಎಷ್ಟು ಸಲ ಕೇಳಿಸಿತು?” ಎಂದಳು. ನನಗೆ ಒಂದು ಸಲವೂ ಕೇಳಿಸಿದ ನೆನಪಿರಲಿಲ್ಲ. “ಗಡಿಯಾರ ಹೊಡೆಯಿತು, ಕಿವಿಗೂ ತಲುಪಿತು. ಇದರಿಂದ ಅಪಾಯವಿಲ್ಲ ಎಂದು ಮೆದುಳು ಅದನ್ನು ಬಾಗಿಲಲ್ಲಿಯೇ ತಡೆಯಿತು. ಈ ನಾದವನ್ನು ಮಾತ್ರ ಅಪಾಯವೆಂದು ತಿಳಿದು ಒಳಕ್ಕೆ ಬಿಡುತ್ತಿದೆ. ಅದಕ್ಕೆ ಆ ತಿಳಿವಳಿಕೆಯನ್ನು ಬಿಡಿಸಬೇಕು. ಅದೇ ನಾವು ಕಲಿಸುವ ಅಭ್ಯಾಸ.”

ಅಭ್ಯಾಸ! ಆ ಮೊದಲನೆಯ ವೈದ್ಯರು ಆಡಿದುದೂ ಇದೇ ಪದವನ್ನು. ಅವರ ಮಾತು ಸುಳ್ಳಾಗಿರಲಿಲ್ಲ, ಅಪೂರ್ಣವಾಗಿದ್ದಿತು. ನಮ್ಮ ಭಾಷೆಯಲ್ಲಿ ಅಭ್ಯಾಸವೆಂದರೆ ತಾನಾಗಿ ರೂಢಿಯಾಗುವುದೂ ಹೌದು, ದಿನದಿನವೂ ಸಾಧನೆಮಾಡಿ ಕಲಿಯುವುದೂ ಹೌದು. ಅವರು ಮೊದಲನೆಯ ಅರ್ಥದಲ್ಲಿ ಹೇಳಿದರು, ಬೇಕಾಗಿದ್ದುದು ಎರಡನೆಯದು. ಪಾಠವನ್ನು ಕಲಿತುಕೊಂಡು ಬಾ ಎಂದು ಗದರಿಸುವುದು ಬೇರೆ, ಪಾಠವನ್ನು ಕಲಿಸುವುದು ಬೇರೆ ಎಂಬುದು ಉಪಾಧ್ಯಾಯನಾದ ನನಗೆ ಬೇಗನೆ ಅರ್ಥವಾಯಿತು.

ಇದರ ಹಿಂದೆ ಇರುವ ಶಾಸ್ತ್ರವು ಸರಳವಾದುದು. ೧೯೫೩ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು, ಕಿವಿಯ ದೂರೇ ಇಲ್ಲದ ೮೦ ಮಂದಿಯನ್ನು ಒಬ್ಬೊಬ್ಬರನ್ನಾಗಿ ಶಬ್ದವೇ ಪ್ರವೇಶಿಸದ ಕೋಣೆಯಲ್ಲಿ ಕೂರಿಸಿದರು. ಅವರಲ್ಲಿ ನೂರಕ್ಕೆ ೯೪ರಷ್ಟು ಜನರು ಸ್ವಲ್ಪ ಹೊತ್ತಿನಲ್ಲಿಯೇ ಗುಂಯ್‌ಗುಟ್ಟುವ ಸದ್ದು, ಸಿಳ್ಳಿನ ಸದ್ದು ಮುಂತಾದುವು ಕೇಳಿಸಿದುವೆಂದು ಹೇಳಿದರು. ಪೂರ್ಣವಾದ ಮೌನದಲ್ಲಿ ಬಹುಮಂದಿಯ ಕಿವಿಯು ಸುಮ್ಮನಿರುವುದಿಲ್ಲ. ೧೯೮೪ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಹ್ಯಾಲಮ್ಮನೂ ಅವನ ಸಂಗಡಿಗರೂ, ನಾದಕ್ಕೆ ಒಗ್ಗಿಕೊಳ್ಳುವುದೇ ಸಹಜವೆಂದೂ, ಭಯವೂ ಉದ್ವೇಗವೂ ಆ ಸಹಜಕ್ರಮವನ್ನು ತಡೆಯುವುವೆಂದೂ ವಾದಿಸಿದರು. ೧೯೯೦ರಲ್ಲಿ ಜಾಸ್ಟ್ರೆಬಾಫ್ ಎಂಬ ವಿಜ್ಞಾನಿಯು, ಶ್ರವಣಮಾರ್ಗದ ಸದ್ದು ಮೆದುಳಿನ ಭಾವಕೇಂದ್ರಗಳೊಡನೆ ಗಂಟುಬಿದ್ದಾಗಲೇ ಅದು ಬಾಧೆಯಾಗುವುದೆಂದು ವಿವರಿಸಿದನು. ನಮ್ಮವರ ರಜ್ಜುಸರ್ಪದೃಷ್ಟಾಂತವು ವಾಚಕರಿಗೆ ತಿಳಿದೇ ಇದೆ. ಕತ್ತಲೆಯಲ್ಲಿ ಬಿದ್ದಿರುವ ಹಗ್ಗವು ಸುಳ್ಳಲ್ಲ. ಅದು ಇದ್ದೇ ಇದೆ. ಸುಳ್ಳಾದುದು ಹಾವು. ಎದೆಯ ಬಡಿತವಾದರೋ ಸುಳ್ಳಲ್ಲ, ನಿಜವಾದ ಬಡಿತವೇ. ಹಗ್ಗವನ್ನು ತೆಗೆದು ಬಿಸಾಡಲಾಗದಿದ್ದರೂ ದೀಪ ತಂದು ಹಾವನ್ನು ಓಡಿಸಬಹುದು.

ಆ ದೀಪವನ್ನು ನನಗೆ ಹಿಡಿದು ತೋರಿಸಿದ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಮೊದಲನೆಯದಾಗಿ, ಮೌನವನ್ನು ಅರಸಿ ಹೋಗಬಾರದೆಂದರು. ಅದುವರೆಗೆ ನಾನು ಬಾಗಿಲು ಕಿಟಕಿಗಳನ್ನು ಮುಚ್ಚಿ, ಕಿವಿಗೆ ಹತ್ತಿಯಿಟ್ಟು, ಶತ್ರುವಿಗೆ ರಂಗಸ್ಥಳವನ್ನು ಸಿದ್ಧಮಾಡಿಕೊಡುತ್ತಿದ್ದೆನು. ಈಗ ರಾತ್ರಿ ಮಲಗುವಾಗ ಮೊಬೈಲಿನಲ್ಲಿ ತಂಬೂರಿಯ ಶ್ರುತಿಯನ್ನೋ ಮಳೆಯ ಸದ್ದನ್ನೋ ಸಣ್ಣಗೆ ಹಾಕಿಡುತ್ತೇನೆ. ಅದು ನಾದವನ್ನು ಮುಳುಗಿಸುವಷ್ಟು ಜೋರಾಗಿರಬಾರದು. ಎರಡೂ ಜೊತೆಯಲ್ಲಿ ಕೇಳಿಸುವಷ್ಟಿರಬೇಕು. ಮುಳುಗಿಸಿದುದಕ್ಕೆ ಮನಸ್ಸು ಒಗ್ಗುವುದಿಲ್ಲ. ಎರಡನೆಯದು ಶ್ರವಣಯಂತ್ರ, ಎಂದರೆ ಜನರು ಕಿವಿಯ ಮಿಷನ್ನು ಎನ್ನುವುದು. ಕಿವಿ ಮಂದವಾಗಿರುವವರಿಗೆ ಇದರಿಂದ ಎರಡು ಲಾಭ: ಹೊರಗಿನ ಶಬ್ದಗಳು ಹಿಂದಿರುಗುತ್ತವೆ, ಅವುಗಳ ನಡುವೆ ಒಳಗಿನ ಸದ್ದು ಚಿಕ್ಕದಾಗುತ್ತದೆ. ಕನ್ನಡಕ ಹಾಕಲು ನಾಚದವರು ಇದಕ್ಕೆ ಏಕೆ ನಾಚಬೇಕೋ ತಿಳಿಯದು. ನಾನು ಮಾತ್ರ ಒಂದು ತಿಂಗಳು ನಾಚಿದೆನು.

ಮೂರನೆಯದೇ ಮುಖ್ಯವಾದುದು. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂದು ಕರೆಯಲ್ಪಡುವ ಈ ಮನಶ್ಚಿಕಿತ್ಸೆಯಲ್ಲಿ ನಮ್ಮ ಯೋಚನೆಗಳನ್ನೂ ನಡವಳಿಕೆಗಳನ್ನೂ ನಾವೇ ಪರೀಕ್ಷಿಸಿ ತಿದ್ದಿಕೊಳ್ಳುವುದು ಹೇಗೆಂದು ಕಲಿಸುತ್ತಾರೆ. ಒಂದು ಬರೆಹದ ಪುಸ್ತಕದಲ್ಲಿ ಎರಡು ಅಂಕಣ ಹಾಕಿ, ಎಡಗಡೆಯಲ್ಲಿ ಮನಸ್ಸಿಗೆ ಬಂದ ಮಾತನ್ನು ಬಂದಂತೆಯೇ ಬರೆಯಬೇಕು. ಬಲಗಡೆಯಲ್ಲಿ ಅದಕ್ಕೆ ಪ್ರಮಾಣವೇನೆಂದು ಕೇಳಿ ಉತ್ತರ ಬರೆಯಬೇಕು. ‘ಇನ್ನು ನಾನು ಎಂದಿಗೂ ನಿದ್ರಿಸಲಾರೆ’ ಎಂದು ಎಡಗಡೆ. ‘ಮೊನ್ನೆ ಐದು ಗಂಟೆ ಮಲಗಿದ್ದೆನು’ ಎಂದು ಬಲಗಡೆ. ‘ನನ್ನ ಬುದ್ಧಿ ಕೆಡುತ್ತಿದೆ’ ಎಂದು ಎಡಗಡೆ. ‘ಇದು ಕಿವಿಯ ದೋಷ, ಬುದ್ಧಿಭ್ರಮಣೆಯ ಲಕ್ಷಣವಲ್ಲ’ ಎಂದು ಬಲಗಡೆ. ಎಷ್ಟೋ ಸಾವಿರ ಹುಡುಗರ ಪುಸ್ತಕಗಳನ್ನು ಕೆಂಪು ಶಾಯಿಯಿಂದ ತಿದ್ದಿದವನಿಗೆ ತನ್ನ ಪುಸ್ತಕವನ್ನು ತಿದ್ದಿಕೊಳ್ಳುವ ಸರದಿ ಬಂದಿತು. ಜೊತೆಗೆ, ಬೆಳಗ್ಗೆ ಎದ್ದು ನಾದವನ್ನು ಪರೀಕ್ಷಿಸುವ ಚಾಳಿಯನ್ನು ಬಿಡಬೇಕು. ಬಿಟ್ಟ ಕೆಲಸಗಳನ್ನು, ರುಚಿಯಿಲ್ಲದಿದ್ದರೂ, ಒಂದೊಂದಾಗಿ ಮತ್ತೆ ಹಿಡಿಯಬೇಕು. ಪತಂಜಲಿಗಳು ಹೇಳಿದ ಮೈತ್ರೀ, ಕರುಣಾ, ಮುದಿತಾ, ಉಪೇಕ್ಷಾ ಎಂಬ ನಾಲ್ಕರಲ್ಲಿ ಕಡೆಯದನ್ನು ಅವರು ವಿಧಿಸಿದುದು ಪಾಪಿಗಳ ವಿಷಯದಲ್ಲಿ. ನಾನು ಅದನ್ನು ನನ್ನ ಜೀರುಂಡೆಗೆ ಅನ್ವಯಿಸಿಕೊಂಡೆನು. ಉಪೇಕ್ಷೆಯೆಂದರೆ ದ್ವೇಷವಲ್ಲ. ದ್ವೇಷಿಸುವವನು ಶತ್ರುವನ್ನು ಕ್ಷಣವೂ ಮರೆಯುವುದಿಲ್ಲ.

ಇದು ನನ್ನೊಬ್ಬನ ಅನುಭವವೆಂದು ವಾಚಕರು ಶಂಕಿಸಬೇಕಾಗಿಲ್ಲ. ೨೦೧೨ರಲ್ಲಿ ಹಾಲೆಂಡಿನ ಮಾಸ್ಟ್ರಿಕ್ಟ್ ನಗರದಲ್ಲಿ ೪೯೨ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಈ ಮನಶ್ಚಿಕಿತ್ಸೆಯನ್ನು ಶ್ರವಣಚಿಕಿತ್ಸೆಯೊಡನೆ ಸೇರಿಸಿ ಕೊಟ್ಟವರಿಗೆ ಮಾಮೂಲಿನ ಚಿಕಿತ್ಸೆಯವರಿಗಿಂತ ಹೆಚ್ಚು ಗುಣವು ಕಂಡುಬಂದಿತು. ೨೦೨೦ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ ಇಂತಹ ೨೮ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ, ನಾದದಿಂದ ಬದುಕಿಗೆ ಆಗುವ ಬಾಧೆಯನ್ನು ಈ ಚಿಕಿತ್ಸೆಯು ಕಡಿಮೆಮಾಡಬಹುದೆಂದು ನಿರ್ಣಯಿಸಿದ್ದಾರೆ. ನಾದವನ್ನೇ ಅಳಿಸುವುದೆಂದು ಅವರು ಹೇಳಿಲ್ಲ. ಹಾಗೆ ಹೇಳುವ ಜಾಹೀರಾತುಗಳನ್ನು ನಂಬಬೇಡಿರಿ. ಗಿಂಕೋ, ಸತು ಮೊದಲಾದುವುಗಳನ್ನು ಇದಕ್ಕಾಗಿ ಕೊಡಕೂಡದೆಂದು ಅಮೆರಿಕದ ಕಿವಿವೈದ್ಯರ ಸಂಘವು ೨೦೧೪ರಲ್ಲಿಯೇ ವಿಧಿಸಿದೆ.

ಇನ್ನು ಗೃಹಸ್ಥರು ತಿಳಿದಿರಬೇಕಾದ ಕೆಲವು ಸೂಚನೆಗಳು. ನಾದವು ಒಂದೇ ಕಿವಿಯಲ್ಲಿದ್ದರೆ, ನಾಡಿಯ ಬಡಿತದೊಡನೆ ತಾಳಹಾಕಿದಂತಿದ್ದರೆ, ತಲೆಸುತ್ತಾಗಲಿ ಮುಖದ ಒಂದು ಭಾಗದಲ್ಲಿ ಬಲಹೀನತೆಯಾಗಲಿ ಜೊತೆಗಿದ್ದರೆ ವೈದ್ಯರನ್ನು ಕಾಣಲು ತಡಮಾಡಬಾರದು. ಒಂದು ಕಿವಿಯು ಇದ್ದಕ್ಕಿದ್ದಂತೆ ಕೇಳದೆಹೋದರೆ ಅದೇ ದಿನ ಹೋಗಬೇಕು. ಅದಕ್ಕೆ ಕೊಡುವ ಔಷಧವು ಮೊದಲ ದಿನಗಳಲ್ಲಿಯೇ ಹೆಚ್ಚು ಫಲಕಾರಿ. ಹೆಚ್ಚು ಪ್ರಮಾಣದ ಆಸ್ಪಿರಿನ್, ಕ್ವಿನೈನ್, ಕೆಲವು ಆಂಟಿಬಯಾಟಿಕ್ ಮತ್ತು ಕ್ಯಾನ್ಸರ್ ಔಷಧಗಳು ನಾದವನ್ನು ಉಂಟುಮಾಡಬಹುದು. ಆದರೆ ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬಾರದು. ಕಿವಿಗೆ ಬಿಸಿ ಎಣ್ಣೆ ಬಿಡುವುದು, ಕಡ್ಡಿ ಹಾಕುವುದು ಸರ್ವಥಾ ಕೂಡದು. ಮನೆಯ ತರುಣರಿಗೆ, ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಹಾಡಿನ ಅಬ್ಬರವನ್ನು ತಗ್ಗಿಸಲು ಹೇಳಬೇಕು. ೮೦ ಡೆಸಿಬೆಲ್ ಶಬ್ದವನ್ನು ವಾರಕ್ಕೆ ೪೦ ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಎಚ್ಚರಿಕೆಯಿದೆ; ಶಬ್ದವು ಹೆಚ್ಚಿದಷ್ಟೂ ಈ ಅವಧಿಯು ಬೇಗಬೇಗನೆ ಕುಗ್ಗುತ್ತದೆ. ಶ್ರವಣಪರೀಕ್ಷೆಗೆ ನಮ್ಮ ನಾಡಿನವರು ದೂರ ಹೋಗಬೇಕಾಗಿಲ್ಲ; ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಇದೇ ಕಾರ್ಯಕ್ಕಾಗಿ ಇದೆ.

ಮನೆಯವರಿಗೆ ಎರಡು ಮಾತು. “ಎಲ್ಲ ನಿಮ್ಮ ಭ್ರಮೆ” ಎನ್ನಬೇಡಿರಿ. ಕೇಳಿಸುವವನಿಗೆ ಅದು ಕೇಳಿಸುತ್ತದೆ. ಹಾಗೆಯೇ ಪ್ರತಿದಿನವೂ “ಈಗ ಹೇಗಿದೆ? ಕಡಿಮೆಯಾ?” ಎಂದು ವಿಚಾರಿಸಲೂ ಬೇಡಿರಿ, ಮರೆತಿದ್ದವನಿಗೆ ನೆನಪುಮಾಡಿದಂತಾಗುತ್ತದೆ. ಕರೆದುಕೊಂಡು ಹೊರಗೆ ಹೋಗಿರಿ, ಕೆಲಸ ಕೊಡಿರಿ, ಹತ್ತಿರ ಕುಳಿತಿರಿ. ಆದರೆ ಎರಡು ವಾರಗಳಿಗೂ ಮೀರಿ ನಿದ್ರೆ, ಊಟ, ಮಾತು ಎಲ್ಲದರಲ್ಲಿಯೂ ಅವನ ಆಸಕ್ತಿಯು ಹೋಗಿದ್ದರೆ, ಅದು ಖಿನ್ನತೆಯೆಂಬ ಬೇರೊಂದು ರೋಗವಾಗಿರಬಹುದು. ಅದಕ್ಕೆ ಚಿಕಿತ್ಸೆಯುಂಟು, ಮನೋವೈದ್ಯರ ಬಳಿಗೆ ಹೋಗುವುದರಲ್ಲಿ ಅವಮಾನವಿಲ್ಲ. ಬದುಕು ಬೇಡವೆಂಬ ಮಾತು ಅವನ ಬಾಯಲ್ಲಿ ಬಂದರೆ ಕೇಳದವರಂತೆ ಇರಬೇಡಿರಿ. ನೇರವಾಗಿ ಕೇಳಿರಿ, ಒಂಟಿಯಾಗಿ ಬಿಡಬೇಡಿರಿ. ೨೦೨೨ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸಹಾಯವನ್ನು ಆರಂಭಿಸಿದೆ. ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಿಯಾದರೂ ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಾನು ಹಿತ್ತಿಲ ಜಗುಲಿಯಲ್ಲಿ ಕುಳಿತಿದ್ದ ರಾತ್ರಿ ನನಗೆ ಆ ಸಂಖ್ಯೆಯು ತಿಳಿದಿರಲಿಲ್ಲ. ಈಗ ನಮ್ಮ ಮನೆಯ ಪಂಚಾಂಗದ ಮೊದಲನೆಯ ಪುಟದಲ್ಲಿ ಬರೆದಿಟ್ಟಿದ್ದೇವೆ.

ನನ್ನ ನಾದವು ಹೋಯಿತೆ ಎಂದು ಕೇಳಿದರೆ ಇಲ್ಲವೆನ್ನಬೇಕು. ಇದನ್ನು ಬರೆಯುವಾಗಲೂ ಕೇಳಿಸುತ್ತಿದೆ. ಅದರ ವಿಷಯವನ್ನೇ ಬರೆಯುವಾಗ ಕೇಳಿಸದೆ ಇದ್ದೀತೆ? ಗುಣವು ಒಂದೇ ಸಮನೆ ಬರಲಿಲ್ಲ. ಒಂದು ವಾರ ಚೆನ್ನಾಗಿದ್ದರೆ ಇನ್ನೊಂದು ವಾರ, ನೆಗಡಿಯಾದಾಗಲೋ ಮನೆಯಲ್ಲಿ ಚಿಂತೆಯಿದ್ದಾಗಲೋ, ಹಳೆಯ ಸ್ಥಿತಿಯೇ ಬಂದಂತೆ ತೋರುತ್ತಿದ್ದಿತು. ಎಂಟನೆಯ ತಿಂಗಳಿನಲ್ಲಿ, ಒಂದು ಶನಿವಾರ, ಸಂಕೋಚಪಡುತ್ತಲೇ ರಾಮಮಂದಿರಕ್ಕೆ ಹೋದೆನು. ಕಿವಿಯಲ್ಲಿ ಯಂತ್ರವಿದ್ದಿತು. ಅದನ್ನು ಕಂಡವರಿಗೆಲ್ಲ ಇದ್ದ ಸಂಗತಿಯನ್ನು ಹೇಳಿದೆನು. ಕೇಳಿದವರಲ್ಲಿ ಇಬ್ಬರು ಮೆಲ್ಲಗೆ ಹತ್ತಿರ ಬಂದು, ತಮಗೂ ಹೀಗೆ ಕೇಳಿಸುವುದುಂಟೆಂದೂ ಇದುವರೆಗೆ ಯಾರಿಗೂ ಹೇಳಿರಲಿಲ್ಲವೆಂದೂ ಹೇಳಿದರು. ಅಂದು ಕುಮಾರವ್ಯಾಸಭಾರತದ ಉದ್ಯೋಗಪರ್ವ. ಗಮಕಿಗಳು ಹಾಡಿದರು, ನಾನು ಅರ್ಥ ಹೇಳಿದೆನು. ಮಂಗಳವಾಗಿ ಪ್ರಸಾದ ತೆಗೆದುಕೊಂಡು ಮನೆಯ ಮೆಟ್ಟಿಲು ಹತ್ತುವಾಗ ಮತ್ತೆ ಜೀರುಂಡೆಯ ಸದ್ದು ಕೇಳಿಸಿತು. ಒಂದೂವರೆ ಗಂಟೆಯ ಕಾಲ ಅದು ನನಗೆ ಕೇಳಿಸಿರಲಿಲ್ಲವೆಂಬುದು ಅಲ್ಲಿಯವರೆಗೆ ಗೊತ್ತೇ ಆಗಿರಲಿಲ್ಲ. ಮನೆಯಾಕೆಗೆ ಹೇಳಿದೆನು. “ಹಾಗಾದರೆ ಬರುವ ಶನಿವಾರವೂ ಹೋಗಿ” ಎಂದಳು. ಅಂದಿನಿಂದ ಇಂದಿನವರೆಗೆ ಒಂದು ಶನಿವಾರವನ್ನೂ ತಪ್ಪಿಸಿಲ್ಲ.